ಗುಡುಗಣ್ಣ ತುಟಿಮಾತು ಕಲಿತದ್ದು

ನೇಯ್ಗೆ ಶೆಡ್ಡಿನ ಹೆಂಗಸರಿಗೆ ಊಟದ ಹೊತ್ತಿನ ಕೂಲಿ ಇನ್ನೂ ಬಾಕಿ ಇದೆ. ಮೊದಲು ಅದು ಗೊತ್ತಿರಲಿ, ಆಮೇಲೆ ನಗುವವರು ನಗಬಹುದು. ಮಿಲ್ಲಿನ ಪ್ರಕಾರ ಮಧ್ಯಾಹ್ನದ ಅರ್ಧ ಗಂಟೆ ಅವರಿಗೆ ವಿರಾಮ, ಆದ್ದರಿಂದ ಕೂಲಿಯಿಲ್ಲ. ಮಗ್ಗಗಳಿಗೆ ಮಾತ್ರ ವಿರಾಮವಿಲ್ಲ. ಅವು ಓಡುತ್ತಲೇ ಇರಬೇಕು. ದಾರ ಕಿತ್ತರೆ ಹೆಂಗಸರು ಒಂದು ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡೇ ಓಡಿ ಗಂಟು ಹಾಕಬೇಕು. ತಿಂದದ್ದು ಬ್ರೆಡ್ಡೋ ಹತ್ತಿಯೋ ಎನ್ನುವುದು ಗಂಟಲಿಗೇ ಗೊತ್ತು. ಈ ಕೂಲಿ ಕೇಳಲು ಮ್ಯಾನೇಜರ ಕೋಣೆಗೆ ಯಾರು ಹೋಗಬೇಕೆಂದು ಶನಿವಾರ ಸಂಘದ ಸಭೆಯಲ್ಲಿ ಕೈ ಎತ್ತಿಸುವುದಿತ್ತು.

"ಯಾರು ಅಂದ್ರೆ ಏನರ್ಥ? ನಾನೇ!" ಎಂದ ಗುಡುಗಣ್ಣ.

ಹಾಗೆನ್ನಲು ಅವನಿಗೆ ಹಕ್ಕಿತ್ತು. ಪ್ಯಾಕಿಂಗ್ ವಿಭಾಗದಲ್ಲಿ ಬಟ್ಟೆಯ ಬೇಲು ಕಟ್ಟುವ ಕೆಲಸ, ಸಂಘದಲ್ಲಿ ಲೀಡರಿಕೆ. ಪ್ರತಿ ಸಲವೂ ಅವನೇ ನಿಲ್ಲುವುದು, ಅವನೇ ಗೆಲ್ಲುವುದು. ಎದೆಯಿಂದ ಹೊರಟ ಮಾತು ಗೋಡೆಗೆ ಬಡಿದು ವಾಪಸು ಬರುವಂಥ ಗಂಟಲು, ಮೈಕು ಕೊಟ್ಟರೆ ಮೈಕೇ ಕೆಟ್ಟುಹೋಗುವಂಥ ಗಂಟಲು! ಗುಡುಗಣ್ಣ ಎಂಬ ಹೆಸರನ್ನು ಕೊಟ್ಟವರು ನೇಯ್ಗೆ ಶೆಡ್ಡಿನ ಹೆಂಗಸರು. ಅದನ್ನು ಅವನು ಬಿರುದಿನಂತೆ ಹೊತ್ತು ತಿರುಗುತ್ತಿದ್ದ. ಅವನು ಮಾತು ಮುಗಿಸಿ ಮುಷ್ಟಿ ಮೇಲೆತ್ತಿದರೆ ಸಾಕು, ಶೆಡ್ಡಿನವರ ಚಪ್ಪಾಳೆಗೆ ಸಭೆ ಸೇರುವ ಗೋದಾಮಿನ ತಗಡು ನಡುಗುತ್ತಿತ್ತು. ಮಿಲ್ಲಿನಲ್ಲಿ ಮುಕ್ಕಾಲು ಪಾಲು ಜನ ಅವರೇ. ಅವರ ಕೈ ಎದ್ದಿತೋ ಇವನು ಲೀಡರು, ಏಳಲಿಲ್ಲವೋ ಬೇಲು ಕಟ್ಟುವವ.

ಭಾಷೆಯ ವಿಷಯದಲ್ಲಿ ಮಾತ್ರ ಅವನಿಗೊಂದು ಕೊರಗಿತ್ತು. ಚಳವಳಿಯ ಕಾಲದಲ್ಲಿ ದೂರದೂರದ ಕಾರ್ಮಿಕರ ಜೊತೆ ಲಾಕಪ್ಪಿನಲ್ಲಿ ಮಲಗಿದವನು. ಎಷ್ಟೋ ಭಾಷೆಗಳಲ್ಲಿ "ಬೇಕೇ ಬೇಕು" ಎಂದು ಕೂಗಬಲ್ಲ, ಅವುಗಳಲ್ಲಿ ಒಂದರಲ್ಲೂ "ಸ್ವಲ್ಪ ನೀರು ಕೊಡಿ" ಎನ್ನಲಾರ. ಹಡಗಿನವರ ಭಾಷೆ ಬರಬೇಕಿತ್ತು, ಗಡಿಯಾಚೆಯ ಗಣಿಯವರ ಭಾಷೆ ಬರಬೇಕಿತ್ತು ಎಂದು ಚಹಾ ಕುಡಿಯುವಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದ. ಜಗತ್ತಿನ ಭಾಷೆಗಳಿಗೆಲ್ಲ ಆಸೆಪಟ್ಟ ಈ ಮಹಾಶಯನ ಅಡುಗೆಮನೆಯಲ್ಲೇ ಒಂದು ಭಾಷೆ ದಿನಾ ಓಡಾಡುತ್ತಿತ್ತು. ಅದರ ಕಡೆ ಅವನು ತಿರುಗಿಯೂ ನೋಡಿರಲಿಲ್ಲ.

ಅದು ತುಟಿಮಾತು. ನೇಯ್ಗೆ ಶೆಡ್ಡಿನಲ್ಲಿ ಮಗ್ಗಗಳು ಹೊಡೆದುಕೊಳ್ಳುವ ಸದ್ದಿಗೆ ಪಕ್ಕದವಳು ಕಿವಿಯಲ್ಲಿ ಕಿರುಚಿದರೂ ಕೇಳಿಸುವುದಿಲ್ಲ. ಆದ್ದರಿಂದ ಅಲ್ಲಿನವರು ಧ್ವನಿಯನ್ನು ಗೇಟಿನ ಹೊರಗೇ ಬಿಟ್ಟು ಬರುತ್ತಾರೆ. ತುಟಿಯನ್ನು ಎಳೆದು, ಉರುಟು ಮಾಡಿ, ಹುಬ್ಬು ಕುಣಿಸಿ ಮಾತಾಡುತ್ತಾರೆ. ಈ ತುದಿಯವಳ ಬಸಿರಿನ ಸುದ್ದಿ ಸದ್ದಿಲ್ಲದೆ ಆ ತುದಿಗೆ ಹೋಗಿ, ಹೆಣ್ಣೋ ಗಂಡೋ ಎಂಬ ಚರ್ಚೆಯಾಗಿ ವಾಪಸು ಬರುತ್ತದೆ. ಮ್ಯಾನೇಜರು ಬಾಗಿಲಲ್ಲಿ ಕಾಲಿಡುವುದರೊಳಗೆ ಅವನು ಇವತ್ತು ಹೆಂಡತಿಯ ಹತ್ತಿರ ಬೈಸಿಕೊಂಡು ಬಂದಿದ್ದಾನೆಂದು ಇಡೀ ಶೆಡ್ಡಿಗೆ ಗೊತ್ತು.

ಗುಡುಗಣ್ಣನ ಹೆಂಡತಿ ಮದುವೆಗೆ ಮೊದಲಿನಿಂದ ಈ ಶೆಡ್ಡಿನವಳು. ಹೆಂಡತಿಯ ತಂಗಿಯೂ ಅಲ್ಲೇ. ನಾದಿನಿಯ ಬಾಡಿಗೆ ಕೋಣೆ ಹಿಂದಿನ ಬೀದಿಯಲ್ಲಿದ್ದರೂ ಊಟಕ್ಕೆ ಅಕ್ಕನ ಮನೆಗೇ ಬರುತ್ತಿದ್ದಳು. ಅಕ್ಕತಂಗಿಯರು ಮೇಜಿನ ಆಚೆ ಈಚೆ ಕೂತು ತುಟಿ ಆಡಿಸುವುದು ಅವನಿಗೆ ಗೋಡೆಯ ಮೇಲಿನ ಹಲ್ಲಿಯಷ್ಟೇ ಮಾಮೂಲಾಗಿತ್ತು. ಆದರೆ ಸಭೆಯ ವಾರ ಬಂದಾಗ ಅವನ ತಲೆಯೊಳಗೆ ಹುಳ ಹೊಕ್ಕಿತು. ಸೋಮವಾರ ಅವನು ಕೈ ತೊಳೆದು ತಿರುಗುವಷ್ಟರಲ್ಲಿ ಎರಡೂ ಬಾಯಿ ಟಪ್ಪನೆ ಮುಚ್ಚಿದವು. ನಾದಿನಿ ಅವನನ್ನು ನೋಡಿದಳು. ಹೆಂಡತಿ ನಾದಿನಿಯನ್ನು ನೋಡಿದಳು. ಆಮೇಲೆ ಇಬ್ಬರೂ ಆಲೂಗಡ್ಡೆಯನ್ನು ನೋಡಿದರು.

"ಏನು ಮಾತಾಡ್ತಿದ್ರಿ?" ಎಂದು ಗುಡುಗಿದ.

"ಏನಿಲ್ಲ ಭಾವ."

"ಏನಿಲ್ಲ ಅನ್ನೋಕೆ ಅಷ್ಟುದ್ದ ಬಾಯಿ ಬೇಕಾ?"

"ಉಪ್ಪು ಕಮ್ಮಿ ಅಂದೆ," ಎಂದಳು ಹೆಂಡತಿ.

ಉಪ್ಪು ಸರಿಯಾಗೇ ಇತ್ತು! ಪೊಲೀಸರ ಎದುರು ಬಾಯಿ ಬಿಡದೆ ಕೂತವನಿಗೆ, ಬಾಯಿ ಬಿಡದೆ ಕೂತವರ ಮುಖ ಹೇಗಿರುತ್ತದೆಂದು ಗೊತ್ತಿಲ್ಲವೇ? ಇದು ಪಿತೂರಿ. ಶೆಡ್ಡಿನವರು ಶನಿವಾರ ಕೈ ಎತ್ತುವುದಿಲ್ಲ. ಬೇರೆ ಯಾರನ್ನೋ ನಿಲ್ಲಿಸುತ್ತಿದ್ದಾರೆ. ಅದರ ಕೇಂದ್ರ ಕಚೇರಿ ತನ್ನದೇ ಅಡುಗೆಮನೆ, ಖರ್ಚೂ ತನ್ನದೇ!

ಅಂದು ಅವನು ಬಚ್ಚಲಮನೆಯ ಕನ್ನಡಿಯೆದುರು ನಿಂತು ಶಪಥ ಮಾಡಿದ. "ಶುಕ್ರವಾರದೊಳಗೆ ಈ ಭಾಷೆ ಕಲೀತೀನಿ. ಕಲಿತು, ಅವರ ಪಿತೂರೀನ ಅವರ ಭಾಷೇಲೇ ಅವರ ಮುಖಕ್ಕೆ ಹೊಡೀತೀನಿ. ಸರ್ಕಾರ ಉರುಳಿಸೋಕೆ ಹೊರಟವನಿಗೆ ಎರಡು ತುಟಿ ಯಾವ ಲೆಕ್ಕ!"

"ಯಾರ ಜೊತೆ ಮಾತು ಒಳಗೆ?" ಎಂದು ಹೆಂಡತಿ ಬಾಗಿಲು ಬಡಿದಳು. ಮಾತು ಸ್ಪಷ್ಟವಿರದಿದ್ದರೂ ಬಾಗಿಲು ಅದುರಿದ್ದು ಅವಳಿಗೆ ಕಂಡಿತ್ತು.

ಭಾಷೆಗೆ ಗುರು ಬೇಕಲ್ಲ. ಶೆಡ್ಡಿನ ಹೆಂಗಸರನ್ನು ಕೇಳುವಂತಿಲ್ಲ, ಎಲ್ಲರೂ ಪಿತೂರಿಯವರೇ. ಗಂಡಸರಲ್ಲಿ ಶೆಡ್ಡಿನೊಳಗೆ ಓಡಾಡುವವನು ಒಬ್ಬನೇ, ಮಗ್ಗ ರಿಪೇರಿ ಮಾಡುವ ಫಿಟ್ಟರು. ಎಣ್ಣೆಡಬ್ಬಿ ಎಂದು ಅವನ ಅಡ್ಡಹೆಸರು. ಅವನು ಮ್ಯಾನೇಜರ ಕೋಣೆಯ ಫ್ಯಾನು ಸರಿಮಾಡಲು ಹೋದರೆ ಅಲ್ಲೇ ಚಹಾ ಕುಡಿದು ಬರುತ್ತಿದ್ದ. ಹಾಗಾಗಿ ಅವನು ಮ್ಯಾನೇಜರ ಚಮಚಾ ಎಂದು ಪ್ರತಿ ಗೇಟು ಭಾಷಣದಲ್ಲೂ ಝಾಡಿಸುತ್ತಿದ್ದವನು ಸಾಕ್ಷಾತ್ ಗುಡುಗಣ್ಣನೇ. ಈಗ ಅದೇ ಚಮಚಾನ ಸಲಕರಣೆ ಕೋಣೆಗೆ, ಆಚೆ ಈಚೆ ನೋಡಿ, ಬೆಕ್ಕಿನಂತೆ ನುಸುಳಿದ.

"ಏನು ಲೀಡರೇ, ದಾರಿ ತಪ್ಪಿತಾ?" ಎಂದ ಎಣ್ಣೆಡಬ್ಬಿ.

"ತುಟಿಮಾತು ಕಲಿಸಿಕೊಡು."

"ಯಾಕೆ?"

"ಅದು ಸಂಘದ ಗುಟ್ಟು."

"ಓಹೋ! ಹಾಗಾದ್ರೆ ಹೆಂಡತೀದು," ಎಂದು ನಕ್ಕ ಎಣ್ಣೆಡಬ್ಬಿ. "ಕಲಿಸ್ತೀನಿ. ಆದ್ರೆ ಒಂದು ಷರತ್ತು. ಗೇಟಲ್ಲಿ ನಿಂತು ನನ್ನ ಚಮಚಾ ಅನ್ನೋದು ಬಿಡಬೇಕು. ನನ್ನ ಅತ್ತೆ ಮನೆಯವರೆಗೂ ಹೋಗಿದೆ ಆ ಮಾತು."

ಕೈಕೈ ಹಿಡಿದು ಒಪ್ಪಂದವಾಯಿತು. ಪಾಠ ಶುರುವಾಯಿತು. ಎಣ್ಣೆಡಬ್ಬಿ ಸದ್ದಿಲ್ಲದೆ ತುಟಿ ಆಡಿಸುವುದು, ಗುಡುಗಣ್ಣ ಅದನ್ನು ಓದಿ ಹೇಳುವುದು. ಮನುಷ್ಯ ಜಾಣ, ಮಂಗಳವಾರವೇ ನಾಲ್ಕಾರು ವಾಕ್ಯ ಹಿಡಿದ. ಬುಧವಾರಕ್ಕೆ ಇನ್ನಷ್ಟು. "ಎಲ್ಲಿ ಹಾಳಾಗಿ ಹೋಗಿದ್ದೆ?", "ಕಣ್ಣು ಕಾಣಲ್ವಾ ನಿಂಗೆ?", "ನಿನ್ನ ಕೈಗೆ ಕೊಟ್ಟಿದ್ದೆಲ್ಲಾ ಹೀಗೇ", "ಇವನನ್ನ ನಂಬಿದ್ರೆ ಕೆಲಸ ಆಗಲ್ಲ", "ನೆಟ್ಟಗೆ ನಿಂತ್ಕೋ, ಬೆಳಕಿಗೆ ಅಡ್ಡ ಬರ್ಬೇಡ".

"ಭಾಷೆ ಸ್ವಲ್ಪ ಖಾರವಾಗಿದೆಯಲ್ಲ?" ಎಂದು ಶಿಷ್ಯ ಕೇಳಿದ.

"ಭಾಷೆ ಅಂದ್ರೆ ಅದೇ ಕಣಣ್ಣಾ. ಇಷ್ಟು ವರ್ಷದಲ್ಲಿ ಅವರು ಬೇರೆ ಏನೂ ಅಂದಿದ್ದು ನಾನು ನೋಡಿಲ್ಲ," ಎಂದ ಗುರು, ಪ್ರಾಮಾಣಿಕವಾಗಿ.

ಪಾಪ, ಅವನ ತಪ್ಪಲ್ಲ. ಮಗ್ಗ ಕೆಟ್ಟಾಗಷ್ಟೇ ಹೆಂಗಸರು ಅವನ ಕಡೆ ತಿರುಗುತ್ತಿದ್ದರು. ಕೆಟ್ಟ ಮಗ್ಗದ ಮುಂದೆ ನಿಂತವರು ಫಿಟ್ಟರಿಗೆ ಏನೆನ್ನುತ್ತಾರೋ ಅಷ್ಟೇ ಅವನಿಗೆ ಬರುತ್ತಿದ್ದದ್ದು. ಇಡೀ ಒಂದು ಭಾಷೆಯಲ್ಲಿ ಬೈಗುಳದ ಮೂಲೆಯೊಂದೇ ಅವನ ಪಾಲಿಗೆ ಬಂದಿತ್ತು. ಅದನ್ನು ಗುಡುಗಣ್ಣನಿಗೆ ಉದಾರವಾಗಿ ದಾನ ಮಾಡಿದ.

ಇತ್ತ ಅನುಮಾನಕ್ಕೆ ಕಾಲು ಬಂತು. ಸಲಕರಣೆ ಕೋಣೆಯ ಕಿಟಕಿ ಮ್ಯಾನೇಜರ ಮೆಟ್ಟಿಲಿಗೆ ಎದುರು. ಲೀಡರೂ ಚಮಚಾನೂ ಎದುರುಬದುರು ಕೂತು, ಒಬ್ಬರ ಬಾಯಿ ಒಬ್ಬರು ನೋಡುತ್ತಾ, ಸದ್ದೇ ಇಲ್ಲದೆ ಏನೋ ವ್ಯವಹಾರ ಕುದುರಿಸುತ್ತಿರುವುದನ್ನು ಪ್ಯಾಕಿಂಗಿನವರು ಕಂಡರು. ಗುರುವಾರ ಗೇಟು ಭಾಷಣದಲ್ಲಿ ಚಮಚಾನ ಹೆಸರೇ ಬರಲಿಲ್ಲ! ಬೈಗುಳ ಬರುವ ಜಾಗದಲ್ಲಿ ಗುಡುಗಣ್ಣ ಕೆಮ್ಮಿ, ಹವಾಮಾನದ ಬಗ್ಗೆ ಎರಡು ಮಾತಾಡಿದ. ಕೇಳುತ್ತಿದ್ದ ಪ್ಯಾಕಿಂಗಿನವರು ಮುಖ ಮುಖ ನೋಡಿಕೊಂಡರು. "ಮಾರ್ಕೊಂಡ್ನಾ ಇವನು?" ಎಂದು ಒಬ್ಬ ಮೆಲ್ಲಗೆ ಅಂದದ್ದು ಸಂಜೆಯೊಳಗೆ ಹೆಂಡತಿಯ ಮಗ್ಗದವರೆಗೂ ಬಂತು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಅನುಮಾನ ಎರಡೂ ಕಡೆಯಿಂದ ಹರಿಯತೊಡಗಿತು. ಅವನು ಅವಳ ತುಟಿ ಕಾದ, ಅವಳು ಅವನ ಅಂಗಿ ಜೇಬು ತಡಕಿದಳು.

"ಎಣ್ಣೆಡಬ್ಬಿ ಕೋಣೇಲಿ ಏನು ಕೆಲಸ ನಿಮಗೆ?"

"ಕೆಲಸ ಇದೆ."

"ಅಂಗಿ ತುಂಬ ಮಿಷಿನ್ನಿನ ಎಣ್ಣೆ ವಾಸನೆ. ಬೇಲು ಕಟ್ಟೋಕೆ ಎಣ್ಣೆ ಯಾಕ್ರೀ?"

"ನಿಂಗೆ ಉಪ್ಪು ಕಮ್ಮಿ ಆದಷ್ಟೇ ಕೆಲಸ," ಎಂದು ಮೀಸೆ ತಿರುವಿದ.

ಆ ದಿನ ಅವನು ಕಿಟಕಿಯ ಗಾಜು ಒರೆಸುವ ನೆಪ ಹೂಡಿದ. ಮನೆಗೆಲಸಕ್ಕೆ ಕೈ ಹಾಕದವನು ಬಟ್ಟೆ ಹಿಡಿದು ಗಾಜು ತಿಕ್ಕುತ್ತಿರುವುದೇ ಎಂಥವರಿಗೂ ದಿಗಿಲು ಹುಟ್ಟಿಸುವ ದೃಶ್ಯ. ಗಾಜಿನಲ್ಲಿ ಅಕ್ಕತಂಗಿಯರ ಮುಖ ಸ್ವಚ್ಛವಾಗಿ ಕಾಣುತ್ತಿತ್ತು. ನಾದಿನಿಯ ತುಟಿ ಓಡಿತು. ಅದರಲ್ಲಿ ಅವನು ಹಿಡಿದದ್ದು, "ಇವನನ್ನ ನಂಬಿದ್ರೆ". ಹೆಂಡತಿಯ ತುಟಿ ಓಡಿತು. "ಕೆಲಸ ಆಗಲ್ಲ". ಗುಡುಗಣ್ಣ ಗಾಜನ್ನು ಇನ್ನೂ ಜೋರಾಗಿ ತಿಕ್ಕಿದ. ಬೈಗುಳ ಮಾತ್ರ ಕಲಿತವನಿಗೆ ಎಲ್ಲಿ ನೋಡಿದರೂ ಬೈಗುಳವೇ ಕಾಣುವುದು ಸಹಜ. ಅವರು ನಿಜಕ್ಕೂ ಅಂದದ್ದೇನೋ ಯಾರು ಬಲ್ಲರು? ಗಾಜು ಮಾತ್ರ ಆ ಪಾಟಿ ಎಂದೂ ಹೊಳೆದಿರಲಿಲ್ಲ.

ಶುಕ್ರವಾರ ಬಂತು. ಮರುದಿನ ಸಭೆ. ಸಂಜೆ ಪಾಳಿ ಮುಗಿಸಿ ಮೂವರೂ ಊಟಕ್ಕೆ ಕೂತರು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು. ಅಕ್ಕತಂಗಿಯರ ತುಟಿ ಒಂದೆರಡು ಸಲ ಅಲ್ಲಾಡಿತಷ್ಟೇ, ಗುಡುಗಣ್ಣ ಚಮಚ ಕೆಳಗಿಟ್ಟ. ಬೆನ್ನು ನೆಟ್ಟಗೆ ಮಾಡಿದ. ಇತಿಹಾಸದ ಆ ಕ್ಷಣಕ್ಕೆ ತಕ್ಕ ಗಾಂಭೀರ್ಯದಿಂದ, ಬಾಯಲ್ಲಿ ಅರ್ಧ ಆಲೂಗಡ್ಡೆ ಇದ್ದದ್ದನ್ನೂ ಮರೆತು, ಒಂದಿಷ್ಟೂ ಸದ್ದು ಮಾಡದೆ ತುಟಿ ಆಡಿಸಿದ. "ನನಗೆಲ್ಲಾ ಗೊತ್ತು! ನಿಮ್ಮ ಪಿತೂರಿ ಬಯಲಾಯ್ತು!"

ಎದುರಿಗಿದ್ದವರಿಗೆ ಕಂಡದ್ದೇನು? ಸದಾ ಗುಡುಗುವ ಮನುಷ್ಯ ತಟ್ಟನೆ ನಿಶ್ಶಬ್ದನಾದ. ಕಣ್ಣುಗುಡ್ಡೆ ಹೊರಬಂತು. ದವಡೆ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಮೂಗಿನ ಕೆಳಗೆ ಅಷ್ಟು ದೊಡ್ಡ ಮೀಸೆ ಹೆದರಿದ ಇಲಿಯಂತೆ ಎಗರಾಡಿತು. ಕತ್ತಿನ ನರ ಉಬ್ಬಿತು. ಸದ್ದು ಮಾತ್ರ ಇಲ್ಲ!

"ಅಕ್ಕಾ! ಭಾವನ ಬಾಯಿ ಸೊಟ್ಟ ಹೋಯ್ತು!" ಎಂದು ನಾದಿನಿ ಕಿರುಚಿದಳು.

"ಲಕ್ವ ಹೊಡೀತು ಕಣೇ! ಬೆನ್ನಿಗೆ ಗುದ್ದು!"

ಮಗ್ಗ ಎಳೆದ ಕೈ ಅದು. ನಾದಿನಿ ಗುದ್ದಿದ ಗುದ್ದಿಗೆ ಆಲೂಗಡ್ಡೆ ಮೇಜು ದಾಟಿ ಗಡಿಯಾರಕ್ಕೆ ಬಡಿಯಿತು. ಗುಡುಗಣ್ಣ "ಬಿಡ್ರೇ" ಎನ್ನಲು ಬಾಯಿ ತೆರೆದ. ತೆರೆದದ್ದೇ ತಡ, ನಾಲಿಗೆ ಕಚ್ಚಿಕೊಳ್ಳದಿರಲಿ ಎಂದು ಹೆಂಡತಿ ಮರದ ಸೌಟಿನ ಹಿಡಿಯನ್ನು ಹಲ್ಲುಗಳ ನಡುವೆ ತುರುಕಿದಳು. ಅಲ್ಲಿಂದ ಅವನು ಆಡಿದ ಮಾತೆಲ್ಲ "ಗಳಗಳ" ಎಂದೇ ಹೊರಬಂತು. ಕೆಳಗಿನ ಮನೆಯ ದರ್ಜಿ ಅಳತೆಪಟ್ಟಿ ಕೊರಳಲ್ಲೇ ಇದ್ದ ಹಾಗೆ ಓಡಿಬಂದು, "ಮಾತು ನಿಂತೋಯ್ತಾ? ಇವರದಾ?" ಎಂದು ದುಃಖದಿಂದಲೋ ಸಂತೋಷದಿಂದಲೋ ಕೇಳಿದ. ಕಾಲು ಒದೆಯದಿರಲೆಂದು ಅದೇ ಪಟ್ಟಿಯಿಂದ ಗುಡುಗಣ್ಣನನ್ನು ಕುರ್ಚಿಗೆ ಕಟ್ಟಿದರು. ಕುರ್ಚಿಯನ್ನು ಮೂವರೂ ಎತ್ತಿಕೊಂಡು ಮೆಟ್ಟಿಲಿಳಿದರು. ಮೆರವಣಿಗೆಗಳನ್ನು ಮುಂದೆ ನಿಂತು ನಡೆಸಿದವನು ಅಂದು ಕುರ್ಚಿಯ ಮೇಲೆ ಕೂತು, ಬಾಯಲ್ಲಿ ಸೌಟು ಹಿಡಿದು, ಬೀದಿಯುದ್ದಕ್ಕೂ ಮೆರವಣಿಗೆಯಾದ. ಅಂಗಡಿಯವರು ಹೊರಬಂದು ನಿಂತರು. ಅವರಲ್ಲೊಬ್ಬ, ಹೆಣ ಹೋಗುತ್ತಿದೆಯೆಂಬಂತೆ, ಟೋಪಿ ತೆಗೆದ.

ಮೂಲೆಯ ದವಾಖಾನೆಯಲ್ಲಿ ಡಾಕ್ಟರಮ್ಮ ಪಟ್ಟಿ ಬಿಚ್ಚಿಸಿ, ಸೌಟು ಹೊರಗೆ ಎಳೆದರು.

"ನಂಗೇನೂ ಆಗಿಲ್ಲ!" ಎಂದು ಗುಡುಗಣ್ಣ ಗುಡುಗಿದ. ಕಪಾಟಿನ ಸೀಸೆಗಳು ಕುಣಿದವು.

"ಎಲ್ಲರೂ ಹಾಗೇ ಹೇಳೋದು," ಎಂದರು ಡಾಕ್ಟರಮ್ಮ. "ಎಲ್ಲಿ, ನಗಿ ನೋಡೋಣ."

"ನಗೋ ಅಂಥದ್ದೇನಾಗಿದೆ?"

"ತುಟಿ ಒಂದು ಕಡೆ ಇಳಿದಿದೆಯಾ ಅಂತ ನೋಡ್ಬೇಕು." ಬ್ಯಾಟರಿ ಬೆಳಕು ಬಿಟ್ಟು ಬಗ್ಗಿ ನೋಡಿದರು. "ತುಟಿ ಎಲ್ಲಿದೆ ಇಲ್ಲಿ? ಬರೀ ಮೀಸೆ. ಸಿಸ್ಟರ್, ತೆಗೀರಿ ಇದನ್ನ."

"ಏಯ್! ಲಾಠಿಗೆ ಬಗ್ಗದ ಮೀಸೆ ಇದು! ಲಾಕಪ್ಪಲ್ಲೂ ಯಾರೂ ಮುಟ್ಟಿಲ್ಲ ಇದನ್ನ!"

"ಅಲ್ಲಾಡಬೇಡಿ, ಮೂಗೂ ಬಂದ್ಬಿಡುತ್ತೆ," ಎಂದಳು ನರ್ಸು, ಬ್ಲೇಡು ಹಿಡಿದು. ಹೆಂಡತಿ ತಲೆ ಹಿಡಿದಳು, ನಾದಿನಿ ಭುಜ ಹಿಡಿದಳು, ದರ್ಜಿ ಕೆಳಗೆ ಬೀಳುವುದನ್ನು ಕಾಗದದಲ್ಲಿ ಹಿಡಿದ. ಸರ್ಕಾರಕ್ಕೆ ಸಾಧ್ಯವಾಗದ್ದು ದವಾಖಾನೆಯಲ್ಲಿ ಕ್ಷಣದಲ್ಲಿ ಮುಗಿದುಹೋಯಿತು.

ಬೋಳು ತುಟಿಗೆ ಗಾಳಿ ತಾಗಿದ್ದೇ ಅವನ ಸಿಟ್ಟೆಲ್ಲ ಕಟ್ಟೆಯೊಡೆಯಿತು. "ಇದೇ ಬೇಕಿತ್ತಾ ನಿಮಗೆ? ಅಕ್ಕತಂಗಿ ಸೇರಿ ನನ್ನ ಲೀಡರಿಕೆ ಕಿತ್ಕೊಳ್ಳೋಕೆ ಹೊಂಚು ಹಾಕಿದೀರಿ! ದಿನಾ ನೋಡ್ತಿದೀನಿ, ತುಟಿಯಲ್ಲೇ ಪಿತೂರಿ!"

ಹೆಂಡತಿ ಅವನ ಮುಖದ ಹತ್ತಿರ ಬಂದು, ಅಪರೂಪದ ಬಟ್ಟೆಯ ನೇಯ್ಗೆ ನೋಡುವಂತೆ ಅವನ ಬಾಯಿಯನ್ನೇ ನೋಡಿದಳು.

"ಇನ್ನೊಂದ್ಸಲ ಹೇಳಿ."

"ಏನು?"

"ಈಗ ಅಂದ್ರಲ್ಲ, ಅದನ್ನೇ."

"ಅಕ್ಕತಂಗಿ ಸೇರಿ ನನ್ನ ಲೀಡರಿಕೆ..."

"ಕಾಣಿಸ್ತಿದೆ ಕಣೇ!" ಎಂದು ಅವಳು ತಂಗಿಯ ತೋಳು ಹಿಡಿದಳು. "ಒಂದೊಂದು ಮಾತೂ ಕಾಣಿಸ್ತಿದೆ!"

"ಹೌದಕ್ಕಾ! ಭಾವ 'ಪಿತೂರಿ' ಅಂದಿದ್ದು ಪೂರ್ತಿ ಕಾಣಿಸ್ತು!"

ಡಾಕ್ಟರಮ್ಮನಿಗೆ ಅನುಮಾನ ಬಂತು. ಗುಡುಗಣ್ಣನನ್ನು ಬದಿಗೆ ಸರಿಸಿ ಹೆಂಡತಿಯ ಹಿಂದೆ ಹೋಗಿ ನಿಂತು, ಅವಳ ಕಿವಿಯ ಬಳಿ ಕೈಗಡಿಯಾರ ಹಿಡಿದರು. ಅವಳು ಅಲ್ಲಾಡಲಿಲ್ಲ. ಹಿಂದಿನಿಂದಲೇ ಏನೋ ಕೇಳಿದರು. ಅವಳು ಗಂಡನ ಬಾಯನ್ನೇ ನೋಡುತ್ತಾ ನಿಂತಿದ್ದಳು. ನಾದಿನಿಯದೂ ಅದೇ ಕತೆ, ಸ್ವಲ್ಪ ಕಮ್ಮಿ ಅಷ್ಟೆ.

"ಮಗ್ಗದವರಾ?" ಎಂದು ಡಾಕ್ಟರಮ್ಮ ಗುಡುಗಣ್ಣನನ್ನು ಕೇಳಿದರು. "ಸದ್ದು ಕೇಳಿಸುತ್ತೆ ಇವರಿಗೆ, ಮಾತು ಬಿಡಿಸಿ ಕೇಳಿಸಲ್ಲ. ಇಬ್ಬರೂ ಬಾಯಿ ನೋಡ್ಕೊಂಡು ಬದುಕ್ತಿದಾರೆ. ಮನೆಯವರಿಗೆ ಗೊತ್ತಿರಬೇಕಲ್ಲ?"

ಮನೆಯವರು ಬಾಯಿ ತೆರೆದು ನಿಂತಿದ್ದರು. ಈಗ ಎಲ್ಲರಿಗೂ ಕಾಣುವಂಥ ಬಾಯಿ.

"ಮತ್ತೆ... ನಾನು ಹೇಳಿದ್ದಕ್ಕೆಲ್ಲಾ ಹೂಂ ಅಂತಿದ್ದೆಯಲ್ಲೇ?" ಎಂದು ಹೆಂಡತಿಯನ್ನು ಕೇಳಿದ. ಧ್ವನಿ ಅಷ್ಟು ಸಣ್ಣಗೆ ಬಂದದ್ದು ಅವನಿಗೇ ಹೊಸದು.

"ಹೂಂ ಅನ್ನದಿದ್ರೆ ಇನ್ನೊಂದ್ಸಲ ಹೇಳ್ತೀರಲ್ಲ!"

"ಅಂದ್ರೆ ಏನೂ ಗೊತ್ತಾಗ್ತಿರಲಿಲ್ವಾ?"

"ಗುಡುಗಿದ್ದು ಗೊತ್ತಾಗ್ತಿತ್ತು. ಊಟ ಅಂತಲೋ, ಸಿಟ್ಟು ಅಂತಲೋ ಕಣ್ಣು ನೋಡಿ ಅಂದಾಜು ಮಾಡ್ತಿದ್ದೆ. ಒಂದ್ಸಲ ನೀವು ಏನೋ ಅಂದ್ರಿ, ಅಳ್ತಿದ್ದೀರಿ ಅಂದ್ಕೊಂಡು ಸಮಾಧಾನ ಮಾಡ್ದೆ. ಆಮೇಲೆ ನೋಡಿದ್ರೆ ಸೀನು ಬಂದಿತ್ತು."

"ಕಿವಿ ಹೋಗಿದೆ ಅಂತ ಒಂದು ಮಾತು ಹೇಳಬಾರದಿತ್ತಾ ನಂಗೆ?"

"ಹೇಳಿದೀನಿ. ಎಷ್ಟೋ ಸಲ ಹೇಳಿದೀನಿ," ಎಂದಳು. "ನೀವು ಭಾಷಣ ಅಭ್ಯಾಸ ಮಾಡ್ತಿದ್ರಿ."

ದರ್ಜಿ ಇದ್ದಕ್ಕಿದ್ದ ಹಾಗೆ ತನ್ನ ಅಂಗಡಿ ತೆರೆದಿಟ್ಟು ಬಂದದ್ದನ್ನು ನೆನಪಿಸಿಕೊಂಡು ಹೊರಟ.

"ಹಾಗಾದ್ರೆ ಈ ವಾರವೆಲ್ಲಾ ನನ್ನ ನೋಡಿ ಏನು ಮಾತು?" ಎಂದ ಗುಡುಗಣ್ಣ, ಅನುಮಾನವನ್ನು ಇನ್ನೂ ಪೂರ್ತಿ ಬಿಡಲು ಮನಸ್ಸಿಲ್ಲದೆ.

ನಾದಿನಿ ತಲೆ ಕೆರೆದಳು. "ಊಟದ ಕೂಲಿ ವಿಷಯ ಭಾವ. ಮ್ಯಾನೇಜರ ಹತ್ರ ನೀವು ಏನು ಕೇಳ್ತೀರಿ ಅಂತ ಶೆಡ್ಡಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಎಲ್ಲರ ಕಿವೀನೂ ನಮ್ಮ ಹಾಗೇ. ಭಾಷಣದಲ್ಲಿ ಹೇಳ್ತಿದ್ದೀರೇನೋ, ಮೀಸೆ ಒಳಗೇ ಉಳಿದುಹೋಗುತ್ತೆ. ಮೀಸೆ ಸ್ವಲ್ಪ ಕತ್ತರಿಸಿ ಅಂತ ಭಾವಂಗೆ ಹೇಳೋರು ಯಾರು ಅಂತ ಅಕ್ಕನ ಕೇಳ್ತಿದ್ದೆ. ಅಕ್ಕ ನೀನೇ ಹೇಳು ಅಂದ್ಲು. ನಾನು ನೀನೇ ಹೇಳು ಅಂದೆ. ಆಮೇಲೆ ನೀವು ಎಣ್ಣೆಡಬ್ಬಿ ಕೋಣೆಗೆ ಹೋಗೋಕೆ ಶುರು ಮಾಡಿದ್ರಿ, ಆಮೇಲಿಂದ ಅದೇ ಮಾತು."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿಯುತ್ತಿದ್ದರು. ಆದರೆ ಗುಡುಗಣ್ಣ ಚಳವಳಿಯವನು, ಸೋಲಿನಿಂದಲೇ ಪ್ರಣಾಳಿಕೆ ಬರೆಯುವವನು. ಮನೆಗೆ ಬರುವ ದಾರಿಯಲ್ಲೇ ಎದೆ ಮತ್ತೆ ಉಬ್ಬಿತು. ಮೀಸೆಯ ಒಳಗಿಂದಲೇ ಇಷ್ಟು ವರ್ಷ ಗೆದ್ದವನು, ಬೋಳು ತುಟಿಯಲ್ಲಿ ಏನು ಮಾಡಲಾರ? ನಾಳೆ ಶೆಡ್ಡಿನವರು ತನ್ನ ಮಾತನ್ನು ಮೊದಲ ಸಲ ಅಕ್ಷರ ಅಕ್ಷರವಾಗಿ ಕಾಣುತ್ತಾರೆ. ಕಂಡು ಕಣ್ಣೀರಿಡುತ್ತಾರೆ! ಹೆಗಲ ಮೇಲೆ ಹೊರುತ್ತಾರೆ!

ಶನಿವಾರ ಬೇಲು ಗೋದಾಮು ಕಿಕ್ಕಿರಿದಿತ್ತು. ಗುಡುಗಣ್ಣ ಬೇಲಿನ ಮೇಲೆ ಹತ್ತಿ ನಿಂತ. ಯಾರೋ ಹೊಸಬ ಬಂದಿದ್ದಾನೆಂದು ಎಷ್ಟೋ ಜನ ಅಂದುಕೊಂಡರು. ಅವನು ಬಾಯಿ ತೆರೆಯುವ ಮುನ್ನವೇ ಪ್ಯಾಕಿಂಗಿನವನೊಬ್ಬ ಎದ್ದ.

"ಭಾಷಣ ಆಮೇಲೆ. ಎಣ್ಣೆಡಬ್ಬಿ ಜೊತೆ ಏನು ಒಪ್ಪಂದ ಆಗಿದೆ, ಅದು ಹೇಳು ಮೊದಲು!"

"ಮ್ಯಾನೇಜರ ಹತ್ರ ಎಷ್ಟಕ್ಕೆ ಒಪ್ಕೊಂಡೆ?" ಎಂದ ಇನ್ನೊಬ್ಬ.

"ತುಟಿಮಾತು ಕಲೀತಿದ್ದೆ ಕಣ್ರಯ್ಯಾ!" ಎಂದ ಗುಡುಗಣ್ಣ.

ಗೋದಾಮಿನ ತುಂಬ ಅಪಹಾಸ್ಯದ ನಗು. "ಕಲಿತಿದ್ರೆ ತೋರಿಸು ಮತ್ತೆ!"

ಅವನು ಹೆಂಗಸರ ಕಡೆ ತಿರುಗಿ, ಕಲಿತದ್ದನ್ನೆಲ್ಲ ಒಂದೇ ಉಸಿರಿನಲ್ಲಿ, ಸದ್ದಿಲ್ಲದೆ, ಬೋಳು ತುಟಿಯಲ್ಲಿ ಒಪ್ಪಿಸಿದ. ಎಲ್ಲಿ ಹಾಳಾಗಿ ಹೋಗಿದ್ದೆ, ಕಣ್ಣು ಕಾಣಲ್ವಾ ನಿಂಗೆ, ನಿನ್ನ ಕೈಗೆ ಕೊಟ್ಟಿದ್ದೆಲ್ಲಾ ಹೀಗೇ, ಬೆಳಕಿಗೆ ಅಡ್ಡ ಬರ್ಬೇಡ. ಶೆಡ್ಡಿನ ಹೆಂಗಸರು ಒಂದು ಕ್ಷಣ ದಂಗಾದರು. ಆಮೇಲೆ ಬಿದ್ದು ಬಿದ್ದು ನಕ್ಕರು. "ಅಯ್ಯೋ, ಇದು ನಾವು ಎಣ್ಣೆಡಬ್ಬಿಗೆ ಬಯ್ಯೋದು! ಅವನೇ ಕಲಿಸಿರೋದು, ಸುಳ್ಳಲ್ಲ!" ಎಂದು ಒಬ್ಬಳು ಪ್ಯಾಕಿಂಗಿನವರಿಗೆ ಕೂಗಿ ಹೇಳಿದಳು. ಮೂಲೆಯಲ್ಲಿ ನಿಂತಿದ್ದ ಎಣ್ಣೆಡಬ್ಬಿ ಕಿವಿಯವರೆಗೂ ಕೆಂಪಾದ. ಕಳಂಕವೇನೋ ತೊಳೆದುಹೋಯಿತು.

ಈಗ ಭಾಷಣ. ಗುಡುಗಣ್ಣ ಶುರು ಮಾಡಿದ. ಅಷ್ಟೂ ಹೆಂಗಸರ ಕಣ್ಣು ಅವನ ತುಟಿಗೆ ಅಂಟಿಕೊಂಡವು. ಇಂಥ ಗಮನವನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಉಬ್ಬಿಹೋದ. ತಾನು ಲಾಠಿ ತಿಂದ ಕತೆ ಹೇಳಿದ. ಲಾಕಪ್ಪಿನ ಸೊಳ್ಳೆಗಳ ಕತೆ ಹೇಳಿದ. ಮಂತ್ರಿಯ ಕಾರಿಗೆ ಅಡ್ಡ ಮಲಗಿದ ಕತೆ, ಕಾರು ಬೇರೆ ರಸ್ತೆಯಲ್ಲಿ ಹೋದ ಕತೆ. ಜಗತ್ತಿನ ಕಾರ್ಮಿಕರ ಬಗ್ಗೆ ಹೇಳಿದ, ಮತ್ತೆ ಲಾಠಿಗೆ ಬಂದ. ಮೊದಲ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು, ಎಲ್ಲರಿಗೂ ದೊಡ್ಡಮ್ಮ.

"ನಿಲ್ಲಿಸಪ್ಪ ಸ್ವಲ್ಪ. ಊಟದ ಕೂಲಿ ಎಲ್ಲಿ ಬಂತು ಇದ್ರಲ್ಲಿ?"

"ಬರುತ್ತೆ ದೊಡ್ಡಮ್ಮಾ, ಕೊನೇಲಿ."

"ಕೊನೇಲಿ ಏನು ಹೇಳ್ತೀಯ?"

"'ಕೊಡಲೇಬೇಕು' ಅಂತ."

"ಅಷ್ಟೇನಾ? ಎಷ್ಟು ವರ್ಷದ್ದು ಕೊಡಬೇಕು? ಮಗ್ಗ ನಿಲ್ಲಿಸ್ತಾರಾ, ಕೂಲಿ ಕೊಡ್ತಾರಾ? ಕೊಡದಿದ್ರೆ ನಾವೇನು ಮಾಡ್ತೀವಿ?"

ಗುಡುಗಣ್ಣ ಮೀಸೆ ತಿರುವಲು ಕೈ ಎತ್ತಿದ, ಅಲ್ಲಿ ಮೀಸೆಯಿರಲಿಲ್ಲ. ಊಟದ ಹೊತ್ತಿನಲ್ಲಿ ಶೆಡ್ಡಿನೊಳಗೆ ಅವನು ಒಮ್ಮೆಯೂ ಹೋಗಿ ನೋಡಿರಲಿಲ್ಲ. ಪ್ಯಾಕಿಂಗಿನವರು ಕೂತು ಉಣ್ಣುತ್ತಾರೆ.

"ಇಷ್ಟು ವರ್ಷಾನೂ ಇದನ್ನೇ ಹೇಳ್ತಿದ್ಯಾ?" ಎಂದಳು ದೊಡ್ಡಮ್ಮ, ನಿಜವಾದ ಕುತೂಹಲದಿಂದ.

ಹೆಂಗಸರ ತುಟಿಗಳು ಓಡಾಡತೊಡಗಿದವು. ಈ ತುದಿಯಿಂದ ಆ ತುದಿಗೆ, ಸದ್ದಿಲ್ಲದೆ, ಸರಸರ. ಬೇಲಿನ ಮೇಲೆ ನಿಂತ ಗುಡುಗಣ್ಣ ತಲೆ ಅತ್ತ ಇತ್ತ ತಿರುಗಿಸಿ ಹಿಡಿಯಲು ನೋಡಿದ. ಒಂದು ಬೈಗುಳವೂ ಇರಲಿಲ್ಲವಾದ್ದರಿಂದ ಒಂದಕ್ಷರವೂ ತಿಳಿಯಲಿಲ್ಲ. ಆಮೇಲೆ ಎಲ್ಲ ಮುಖಗಳೂ ಅವನ ಹೆಂಡತಿಯ ಕಡೆ ತಿರುಗಿದವು. ಅವಳು "ನಾನಾ?" ಎಂಬಂತೆ ಎದೆ ಮುಟ್ಟಿಕೊಂಡಳು. ಗಂಡನನ್ನೊಮ್ಮೆ ನೋಡಿದಳು. ಎದ್ದು ನಿಂತು ಗಟ್ಟಿಯಾಗಿ, ಪ್ಯಾಕಿಂಗಿನವರಿಗೂ ಕೇಳುವ ಹಾಗೆ, ನಾಲ್ಕು ಮಾತು ಹೇಳಿದಳು.

"ಸೋಮವಾರ ಊಟದ ಹೊತ್ತಿಗೇ ಮ್ಯಾನೇಜರನ್ನ ಶೆಡ್ಡಿಗೆ ಕರೀತೀನಿ. ಕೈಗೆ ಬ್ರೆಡ್ಡು ಕೊಟ್ಟು ಮಗ್ಗದ ಮುಂದೆ ನಿಲ್ಲಿಸ್ತೀನಿ. ಅರ್ಧ ಗಂಟೆ ನಿಂತು ತಿನ್ನಲಿ. ಅದು ವಿರಾಮ ಅಂತ ಅವರೇ ಹೇಳಿದ್ರೆ ಕೂಲಿ ಬೇಡ. ಹೇಳೋಕಾಗದಿದ್ರೆ ಬಾಕಿ ಪೂರ್ತಿ ಬೇಕು, ಅಲ್ಲಿವರೆಗೂ ಆ ಅರ್ಧ ಗಂಟೆ ಮಗ್ಗ ನಾವೇ ನಿಲ್ಲಿಸ್ತೀವಿ."

ಗೋದಾಮಿನಲ್ಲಿದ್ದ ಅಷ್ಟೂ ಕೈಗಳು ಎದ್ದವು. ಪ್ಯಾಕಿಂಗಿನವರದೂ ಎದ್ದವು. ಎಣ್ಣೆಡಬ್ಬಿಯದು ಎರಡೂ ಎದ್ದವು. ಗುಡುಗಣ್ಣ ಸುತ್ತ ನೋಡಿ, ತನ್ನದನ್ನೂ ಮೆಲ್ಲಗೆ ಎತ್ತಿದ. ಕೈ ಎತ್ತಿದವರ ಸಾಲಿನಲ್ಲಿ ಅವನು ನಿಂತದ್ದು ಅದೇ ಮೊದಲು.

ಸಭೆ ಮುಗಿದ ಮೇಲೆ ದೊಡ್ಡಮ್ಮನನ್ನು ಬಾಗಿಲಲ್ಲಿ ಹಿಡಿದ.

"ದೊಡ್ಡಮ್ಮಾ, ಒಂದು ನಿಜ ಹೇಳು. ನನ್ನ ಮಾತು ಒಂದೂ ತಿಳೀತಿರಲಿಲ್ಲ ಅಂದ್ರೆ, ಅಷ್ಟು ಚಪ್ಪಾಳೆ ಯಾಕೆ ಹೊಡೀತಿದ್ರಿ?"

ದೊಡ್ಡಮ್ಮ ಅವನ ಬೋಳು ತುಟಿಯನ್ನು ನೋಡಿ, ಅವನಿಗೆ ಚೆನ್ನಾಗಿ ಕಾಣುವಂತೆ ನಿಧಾನವಾಗಿ ಬಾಯಿ ಬಿಡಿಸಿ ಹೇಳಿದಳು.

"ನೀನು ಮುಷ್ಟಿ ಮೇಲೆತ್ತಿದ್ರೆ ಭಾಷಣ ಮುಗೀತು ಅಂತ ಗೊತ್ತಾಗ್ತಿತ್ತಪ್ಪಾ. ಸದ್ಯ ಮುಗೀತಲ್ಲ ಅನ್ನೋ ಖುಷಿಗೆ!"

ಓದಿ ನಕ್ಕಿರಲ್ಲ? ಸರಿ. ಈಗ ಎದ್ದೇಳಿ. ಮನೆಯಲ್ಲಿ ನಿಮ್ಮ ಮಾತಿಗೆ ದಿನಾ ಹೂಂ ಎನ್ನುವವರು ಯಾರೋ ಅವರ ಎದುರು ಹೋಗಿ ನಿಂತು, ನಾನು ಈಗ ತಾನೇ ಹೇಳಿದ್ದೇನು ಎಂದು ಕೇಳಿ. ಉತ್ತರ ಬರದಿದ್ದರೆ ಬಾಯಿ ಮುಚ್ಚಿ ಕೂತು, ಅವರು ಇಷ್ಟು ದಿನ ಏನು ಹೇಳುತ್ತಿದ್ದರೆಂದು ಕೇಳಿ. ನಾಳೆ ಅಲ್ಲ. ಈಗ!